ಪ್ಯಾರಾಲೀಗಲ್ ಮತ್ತು ನೆರೆಯ ಕಾನೂನು ವೃತ್ತಿಗಳು: ಅಮೆರಿಕದ ಕಮ್ಯುನಿಟಿ ಕಾಲೇಜುಗಳಲ್ಲಿ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ವಕೀಲರಾಗದೆ ಕಾನೂನಿನ ಕೆಲಸ ಮಾಡುವ ದೊಡ್ಡದೊಂದು ವರ್ಗವಿದೆ. ಈ ವರ್ಗದ ಬಹಳಷ್ಟು ಜನ ಕಸುಬು ಕಲಿಯುವುದು ಕಮ್ಯುನಿಟಿ ಕಾಲೇಜು ಎಂಬ ಸ್ಥಳೀಯ ಸಾರ್ವಜನಿಕ ಕಾಲೇಜುಗಳಲ್ಲಿ. ಎರಡು ವರ್ಷದ ಅಸೋಸಿಯೇಟ್ ಪದವಿ, ಅಥವಾ ಬೇರೆ ಪದವಿ ಪಡೆದು ಬಂದವರಿಗೆ ಅದಕ್ಕಿಂತ ಚಿಕ್ಕದಾದ ಸರ್ಟಿಫಿಕೇಟ್ ಕೋರ್ಸು, ಈ ಶಿಕ್ಷಣದ ಸಾಮಾನ್ಯ ರೂಪ. ಇದರ ನಡುಮನೆಯಲ್ಲಿರುವ ಹುದ್ದೆ ಪ್ಯಾರಾಲೀಗಲ್. ಅದರ ಸುತ್ತ ಕೋರ್ಟ್ ರಿಪೋರ್ಟರ್, ನ್ಯಾಯಾಲಯದ ದುಭಾಷಿ, ಲೀಗಲ್ ಸೆಕ್ರೆಟರಿ, ಕೋರ್ಟಿನ ಗುಮಾಸ್ತ, ಆಸ್ತಿ ದಾಖಲೆಗಳ ಪರಿಶೀಲಕ, ಪ್ರೊಬೇಷನ್ ಕಚೇರಿಯ ನೌಕರ ಮುಂತಾದ ಹುದ್ದೆಗಳಿವೆ.

ನಮ್ಮ ಜಿಲ್ಲಾ ನ್ಯಾಯಾಲಯಗಳ ಆವರಣದಲ್ಲಿ ಒಂದೆರಡು ದಿನವಾದರೂ ಅಲೆದವರಿಗೆ ವಕೀಲರ ಗುಮಾಸ್ತ ಚೆನ್ನಾಗಿ ಗೊತ್ತು. ಕಡತ ಯಾರ ಮೇಜಿನ ಮೇಲಿದೆ, ಮುಂದಿನ ತಾರೀಕು ಯಾವಾಗ, ಯಾವ ಅರ್ಜಿಗೆ ಎಷ್ಟು ಶುಲ್ಕದ ಚೀಟಿ ಅಂಟಿಸಬೇಕು ಎಂಬುದು ಆತನ ನಾಲಿಗೆಯ ತುದಿಯಲ್ಲಿರುತ್ತದೆ. ಹೊಸದಾಗಿ ಕರಿಕೋಟು ತೊಟ್ಟ ವಕೀಲರು ಆತನನ್ನೇ ಕೇಳಿ ಕಲಿಯುತ್ತಾರೆ. ಆ ಗುಮಾಸ್ತನ ಅನುಭವಕ್ಕೆ ಪಠ್ಯಕ್ರಮ, ಪರೀಕ್ಷೆ, ಪದವಿ ಕೊಟ್ಟರೆ ಆಗುವುದೇ ಪ್ಯಾರಾಲೀಗಲ್ ಎಂದುಕೊಂಡರೆ ಅರ್ಧ ವಿಷಯ ತಿಳಿದಂತೆ. ಉಳಿದರ್ಧ ಒಂದು ಗೆರೆಯ ವಿಚಾರ. ಕಾನೂನಿನ ಕೆಲಸ ಮಾಡಿಕೊಡುವುದು ಒಂದು, ಕಾನೂನು ಸಲಹೆ ಕೊಡುವುದು ಇನ್ನೊಂದು. ಇವೆರಡರ ನಡುವಿನ ಗೆರೆ ಎಲ್ಲಿದೆ ಎಂಬ ಜಗಳವೇ ಈ ವೃತ್ತಿಯ ಚರಿತ್ರೆ. ಆ ಗೆರೆಯ ಈಚೆಗೆ ನಿಂತು ಪ್ರಾಮಾಣಿಕವಾಗಿ ದುಡಿಯುವುದು ಹೇಗೆಂದು ಕಲಿಸುವುದೇ ಈ ಕಾಲೇಜುಗಳ ಮುಖ್ಯ ಕೆಲಸ.

ಕಾಲೇಜುಗಳ ಹಿನ್ನೆಲೆ

1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್ ಊರಿನಲ್ಲಿ, ಅಲ್ಲಿನ ಹೈಸ್ಕೂಲಿನ ಮುಖ್ಯಸ್ಥ ಜೆ. ಸ್ಟ್ಯಾನ್ಲಿ ಬ್ರೌನ್ ಮತ್ತು ಶಿಕಾಗೋ ವಿಶ್ವವಿದ್ಯಾಲಯದ ಅಧ್ಯಕ್ಷ ವಿಲಿಯಂ ರೈನಿ ಹಾರ್ಪರ್ ಇಬ್ಬರ ಪ್ರಯತ್ನದಿಂದ ಆರು ವಿದ್ಯಾರ್ಥಿಗಳೊಡನೆ ಒಂದು ಜೂನಿಯರ್ ಕಾಲೇಜು ಶುರುವಾಯಿತು. ಇಂದಿಗೂ ನಡೆಯುತ್ತಿರುವ ಸಾರ್ವಜನಿಕ ಕಮ್ಯುನಿಟಿ ಕಾಲೇಜುಗಳಲ್ಲಿ ಅದೇ ಹಳೆಯದು. ವಿಶ್ವವಿದ್ಯಾಲಯದ ಮೊದಲೆರಡು ವರ್ಷದ ಓದನ್ನು ಊರಿನಲ್ಲೇ ಒದಗಿಸುವುದು ಅದರ ಮೂಲ ಉದ್ದೇಶವಾಗಿತ್ತು. ಕಸುಬಿನ ಶಿಕ್ಷಣ ಆಮೇಲೆ ಸೇರಿಕೊಂಡಿತು. ಎರಡನೆಯ ಮಹಾಯುದ್ಧದಿಂದ ಮರಳಿದ ಸೈನಿಕರ ಓದಿಗೆ ಸರ್ಕಾರವೇ ಹಣ ಕೊಡುವ ಕಾನೂನು 1944ರಲ್ಲಿ ಬಂತು. 1947ರಲ್ಲಿ ಅಧ್ಯಕ್ಷ ಟ್ರೂಮನ್ ನೇಮಿಸಿದ ಆಯೋಗ ಇಂಥ ಕಾಲೇಜುಗಳು ದೇಶದ ಎಲ್ಲೆಡೆ ಬರಬೇಕೆಂದು ಹೇಳಿತು. ಕಮ್ಯುನಿಟಿ ಕಾಲೇಜು ಎಂಬ ಹೆಸರು ಜನರ ಬಾಯಿಗೆ ಬಂದದ್ದು ಆ ವರದಿಯ ನಂತರವೇ.

ಹೈಸ್ಕೂಲು ಮುಗಿಸಿದ ಯಾರಿಗೂ ಬಾಗಿಲು ಮುಚ್ಚದಿರುವುದು ಇವುಗಳ ನಿಯಮ. ಕಡಿಮೆ ಅಂಕ ಬಂದವರು, ನಲವತ್ತು ದಾಟಿದ ಮೇಲೆ ಓದಿಗೆ ಮರಳಿದ ತಾಯಂದಿರು, ಹಗಲೆಲ್ಲ ಅಂಗಡಿಯಲ್ಲಿ ದುಡಿದು ಸಂಜೆ ತರಗತಿಗೆ ಬರುವವರು, ಬೇರೆ ದೇಶದಿಂದ ವಲಸೆ ಬಂದವರು ಒಂದೇ ಕೊಠಡಿಯಲ್ಲಿ ಕೂರುತ್ತಾರೆ. 116 ಕಾಲೇಜುಗಳ ಕ್ಯಾಲಿಫೋರ್ನಿಯಾ ವ್ಯವಸ್ಥೆ ಇವುಗಳಲ್ಲಿ ಅತಿ ದೊಡ್ಡದು. ಅಲ್ಲಿ ರಾಜ್ಯದ ನಿವಾಸಿಗಳಿಗೆ ಒಂದು ಯೂನಿಟ್ಟಿಗೆ 46 ಡಾಲರ್ ಬೋಧನಾ ಶುಲ್ಕ. 60 ಯೂನಿಟ್ಟಿನ ಅಸೋಸಿಯೇಟ್ ಪದವಿಗೆ ಲೆಕ್ಕ ಹಾಕಿದರೆ 2,760 ಡಾಲರ್. ಪುಸ್ತಕ, ಬಾಡಿಗೆ, ಓಡಾಟದ ಖರ್ಚು ಬೇರೆ. ಹಾಗಿದ್ದರೂ ಕಾನೂನು ಕಾಲೇಜಿನ ಮೂರು ವರ್ಷಕ್ಕೆ ಲಕ್ಷ ಡಾಲರ್ ದಾಟುವ ಸಾಲ ಮಾಡಬೇಕಾಗಬಹುದಾದ ದೇಶದಲ್ಲಿ ಈ ಮೊತ್ತ ಎಷ್ಟು ಬಾಗಿಲುಗಳನ್ನು ತೆರೆಯುತ್ತದೆ ಎಂಬುದನ್ನು ಮರೆಯಬಾರದು.

ಹುದ್ದೆ ಹುಟ್ಟಿದ ಬಗೆ

1960ರ ದಶಕಕ್ಕೆ ಮುಂಚೆ ವಕೀಲರ ಕಚೇರಿಯಲ್ಲಿ ಈ ಕೆಲಸವೆಲ್ಲ ಲೀಗಲ್ ಸೆಕ್ರೆಟರಿಯ ತಲೆಯ ಮೇಲಿತ್ತು. ಅವರಲ್ಲಿ ಬಹುಪಾಲು ಹೆಂಗಸರು. ಕ್ಯಾಲಿಫೋರ್ನಿಯಾದ ಲಾಂಗ್ ಬೀಚಿನಲ್ಲಿ ಯೂಲಾ ಮೇ ಜೆಟ್ 1929ರಲ್ಲೇ ಅವರ ಸಂಘವೊಂದನ್ನು ಕಟ್ಟಿದ್ದರು. ಟೈಪು ಮಾಡುವವರೆಂದು ಕರೆಸಿಕೊಂಡರೂ ದಾವೆಯ ಕರಡು ಬರೆಯುವುದು, ಕಕ್ಷಿದಾರರಿಂದ ವಿವರ ಕೇಳಿ ತಿಳಿಯುವುದು, ಗಡುವುಗಳನ್ನು ಕಾಯುವುದು ಅವರೇ. ಹೆಸರು ಮತ್ತು ಸಂಬಳ ಮಾತ್ರ ಕೆಲಸಕ್ಕೆ ತಕ್ಕಂತಿರಲಿಲ್ಲ.

ಎರಡು ಒತ್ತಡಗಳು ಒಟ್ಟಿಗೆ ಬಂದು ಹೊಸ ಹುದ್ದೆಯನ್ನು ಹುಟ್ಟಿಸಿದವು. ಒಂದು ಕಡೆ ದೊಡ್ಡ ವಕೀಲ ಸಂಸ್ಥೆಗಳಿಗೆ, ವಕೀಲರ ಗಂಟೆಗಟ್ಟಲೆ ದರ ಬೇಡದ ಕೆಲಸವನ್ನು ಕಡಿಮೆ ಖರ್ಚಿನಲ್ಲಿ ಮಾಡಬಲ್ಲವರು ಬೇಕಾಗಿದ್ದರು. ಇನ್ನೊಂದು ಕಡೆ ಬಡವರಿಗೆ ವಕೀಲರೇ ಸಿಗುತ್ತಿರಲಿಲ್ಲ. ಗಂಭೀರ ಅಪರಾಧದ ಆರೋಪ ಹೊತ್ತ ಬಡವನಿಗೆ ಸರ್ಕಾರ ವಕೀಲರನ್ನು ಕೊಡಲೇಬೇಕೆಂದು 1963ರ ಗಿಡಿಯನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಬಾಡಿಗೆ ಮನೆಯಿಂದ ಹೊರದಬ್ಬಿಸಿಕೊಳ್ಳುವವರಿಗೆ, ವಿಚ್ಛೇದನ ಬೇಕಾದವರಿಗೆ, ಸಾಲ ಕೊಟ್ಟವರಿಂದ ನೋಟಿಸು ಬಂದವರಿಗೆ ಆ ಹಕ್ಕು ದೊರೆಯಲಿಲ್ಲ. ಬಡತನದ ವಿರುದ್ಧ ಸರ್ಕಾರ ಹೂಡಿದ ಕಾರ್ಯಕ್ರಮಗಳ ಭಾಗವಾಗಿ 1965ರಿಂದ ಬಡಾವಣೆಗಳಲ್ಲಿ ತೆರೆದ ಕಾನೂನು ನೆರವು ಕಚೇರಿಗಳು, ವಕೀಲರಲ್ಲದ ಸ್ಥಳೀಯರನ್ನೇ ತರಬೇತುಗೊಳಿಸಿ ಕೆಲಸಕ್ಕೆ ಹಚ್ಚಿದವು.

ಅಮೆರಿಕದ ವಕೀಲರ ರಾಷ್ಟ್ರೀಯ ಸಂಘವಾದ ಅಮೆರಿಕನ್ ಬಾರ್ ಅಸೋಸಿಯೇಷನ್ 1968ರಲ್ಲಿ ಈ ಸಹಾಯಕರ ಬಗ್ಗೆ ವಿಶೇಷ ಸಮಿತಿ ನೇಮಿಸಿತು. ಅವರ ಶಿಕ್ಷಣ ಹೇಗಿರಬೇಕೆಂಬ ಮಾರ್ಗಸೂಚಿ 1973ರಲ್ಲಿ ಸಿದ್ಧವಾಯಿತು. 1974ರಲ್ಲಿ ಪ್ಯಾರಾಲೀಗಲ್ ಸಂಘಗಳ ರಾಷ್ಟ್ರೀಯ ಒಕ್ಕೂಟ, 1975ರಲ್ಲಿ ನಾಲಾ ಎಂಬ ಮತ್ತೊಂದು ರಾಷ್ಟ್ರೀಯ ಸಂಘ, 1981ರಲ್ಲಿ ಈ ವಿಷಯ ಕಲಿಸುವವರ ಸಂಘ ಹುಟ್ಟಿದವು. ನಾಲಾ 1976ರಿಂದ ಪ್ರಮಾಣೀಕರಣ ಪರೀಕ್ಷೆ ನಡೆಸುತ್ತಿದೆ.

ಹುದ್ದೆಗೆ ನಿಜವಾದ ಬೆಲೆ ಬಂದದ್ದು 1989ರ ಮಿಸ್ಸೂರಿ ವಿರುದ್ಧ ಜೆಂಕಿನ್ಸ್ ತೀರ್ಪಿನಿಂದ ಎನ್ನಬೇಕು. ಕ್ಯಾನ್ಸಾಸ್ ಸಿಟಿಯ ಶಾಲೆಗಳಲ್ಲಿ ಕಪ್ಪು ಮಕ್ಕಳನ್ನು ಬೇರ್ಪಡಿಸಿದ್ದರ ವಿರುದ್ಧದ ದೀರ್ಘ ಹೋರಾಟದಲ್ಲಿ ಗೆದ್ದವರು ಖರ್ಚು ಕೇಳಿದರು. ಪ್ಯಾರಾಲೀಗಲ್‌ಗಳ ಶ್ರಮಕ್ಕೆ ಕಚೇರಿ ಕೊಟ್ಟ ಸಂಬಳವನ್ನಷ್ಟೇ ತುಂಬಿಕೊಡಬೇಕೆ, ಮಾರುಕಟ್ಟೆ ದರವನ್ನೇ ಕೊಡಬೇಕೆ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಮಾರುಕಟ್ಟೆ ದರವೇ ಸರಿ ಎಂದಿತು ಕೋರ್ಟು. ಅಲ್ಲಿಯವರೆಗೆ ವಕೀಲರ ಬಿಲ್ಲಿನಲ್ಲಿ ಕಾಗದ, ಅಂಚೆಯ ಖರ್ಚಿನ ಜೊತೆ ಎಲ್ಲೋ ಅಡಗಿಹೋಗಬಹುದಾಗಿದ್ದ ಇವರ ಗಂಟೆಗಳಿಗೆ ಬಿಲ್ಲಿನಲ್ಲಿ ಸ್ವಂತ ಸಾಲು ಗಟ್ಟಿಯಾಯಿತು.

ತರಗತಿಯಲ್ಲಿ ಕಲಿಸುವುದೇನು

ಬಾರ್ ಅಸೋಸಿಯೇಷನ್ನಿನ ಅನುಮೋದನೆ ಬೇಕಾದ ಕೋರ್ಸಿನಲ್ಲಿ ಕನಿಷ್ಠ 60 ಸೆಮಿಸ್ಟರ್ ಕ್ರೆಡಿಟ್ಟುಗಳಿರಬೇಕು. ಅದರಲ್ಲಿ 18 ಸಾಮಾನ್ಯ ಶಿಕ್ಷಣಕ್ಕೆ, 18 ಕಾನೂನಿನ ವಿಶೇಷ ವಿಷಯಗಳಿಗೆ ಮೀಸಲು. ಈ ಅನುಮೋದನೆ ಕಡ್ಡಾಯವಲ್ಲ. ಇಲ್ಲದ ಒಳ್ಳೆಯ ಕೋರ್ಸುಗಳೂ ಇವೆ. ಆದರೂ ಕೆಲಸ ಕೊಡುವವರು ಮೊದಲು ನೋಡುವುದು ಅದನ್ನೇ ಆದ್ದರಿಂದ ವಿದ್ಯಾರ್ಥಿಗಳು ಸೇರುವ ಮೊದಲೇ ವಿಚಾರಿಸಿಕೊಳ್ಳುತ್ತಾರೆ. ನ್ಯೂಯಾರ್ಕಿನ ಕ್ವೀನ್ಸ್ ಭಾಗದ ಲಾಗಾರ್ಡಿಯಾ, ಲಾಸ್ ಏಂಜಲೀಸಿನ ವೆಸ್ಟ್ ಲಾಸ್ ಏಂಜಲೀಸ್, ವರ್ಜೀನಿಯಾದ ನಾರ್ದರ್ನ್ ವರ್ಜೀನಿಯಾ ಮುಂತಾದ ಕಾಲೇಜುಗಳು ಈ ಶಿಕ್ಷಣಕ್ಕೆ ಹೆಸರಾದವು.

ಕರಾರು, ಅಪಕೃತ್ಯ, ಅಪರಾಧ, ಕುಟುಂಬ, ಸ್ಥಿರಾಸ್ತಿ, ಉಯಿಲು, ದಿವಾಳಿ, ಕಂಪನಿ ಕಾನೂನುಗಳ ಪರಿಚಯ ಎಲ್ಲೆಡೆ ಇರುತ್ತದೆ. ಕಾನೂನು ಕಾಲೇಜಿನಲ್ಲಿ ಸಿದ್ಧಾಂತದ ಚರ್ಚೆಗೆ ಹೋಗುವ ಸಮಯ ಇಲ್ಲಿ ಕಾಗದಪತ್ರಕ್ಕೆ ಹೋಗುತ್ತದೆ. ದಾವೆಯ ಪ್ರತಿಯನ್ನು ಯಾರಿಗೆ, ಹೇಗೆ ತಲುಪಿಸಬೇಕು? ಕೇಂದ್ರ ನ್ಯಾಯಾಲಯಗಳ ಸಿವಿಲ್ ವಿಧಿವಿಧಾನದ ಪ್ರಕಾರ ಪ್ರತಿವಾದಿ ಸಾಮಾನ್ಯವಾಗಿ 21 ದಿನದೊಳಗೆ ಉತ್ತರ ಸಲ್ಲಿಸಬೇಕು. ಎಣಿಕೆ ಯಾವ ದಿನದಿಂದ? ಕೊನೆಯ ದಿನ ಶನಿವಾರವೋ ಭಾನುವಾರವೋ ಸರ್ಕಾರಿ ರಜೆಯೋ ಆದರೆ ಮುಂದಿನ ಕೆಲಸದ ದಿನಕ್ಕೆ ಹೋಗುತ್ತದೆಯೇ? ಹೋಗುತ್ತದೆ, ಅದಕ್ಕೂ ನಿಯಮವಿದೆ. ಒಂದು ದಿನ ತಪ್ಪಿ ಎದುರಾಳಿಯ ಪರ ಏಕಪಕ್ಷೀಯ ತೀರ್ಪು ಬಂದುಬಿಟ್ಟರೆ ಕಕ್ಷಿದಾರನ ಮನೆಯೇ ಹೋಗಬಹುದು. ಆದ್ದರಿಂದ ದಿನ ಎಣಿಸುವುದನ್ನು ಮಗ್ಗಿಯಂತೆ ಕಂಠಪಾಠ ಮಾಡಿಸುವ ಶಿಕ್ಷಕರನ್ನು ಬೇಸರದವರೆಂದು ಎಣಿಸುವುದು ತಪ್ಪು.

ಕಾನೂನು ಸಂಶೋಧನೆ ಈ ಓದಿನ ಬೆನ್ನೆಲುಬು. ಅಮೆರಿಕದ ಕಾನೂನು ಪೂರ್ವನಿದರ್ಶನಗಳ ಮೇಲೆ ನಿಂತದ್ದು. ಒಂದು ತೀರ್ಪನ್ನು ಆಧಾರವಾಗಿ ಉಲ್ಲೇಖಿಸುವ ಮೊದಲು ಅದು ಇಂದಿಗೂ ಜೀವಂತವೇ, ಮೇಲಿನ ನ್ಯಾಯಾಲಯ ಅದನ್ನು ತಳ್ಳಿಹಾಕಿದೆಯೇ ಎಂದು ನೋಡಲೇಬೇಕು. 1873ರಲ್ಲಿ ಫ್ರಾಂಕ್ ಶೆಪರ್ಡ್ ಎಂಬಾತ ಇದಕ್ಕೆ ಸರಳ ಉಪಾಯ ಕಂಡುಹಿಡಿದ. ಯಾವ ತೀರ್ಪನ್ನು ಮುಂದೆ ಯಾವ ತೀರ್ಪು ಎತ್ತಿ ಹೇಳಿದೆ ಎಂದು ಅಂಟುಚೀಟಿಗಳಲ್ಲಿ ಮುದ್ರಿಸಿ ಮಾರಿದ. ವಕೀಲರು ಅವನ್ನು ತಮ್ಮ ಪುಸ್ತಕಗಳ ಅಂಚಿಗೆ ಅಂಟಿಸಿಕೊಂಡರು. 1973ರಲ್ಲಿ ಲೆಕ್ಸಿಸ್, 1975ರಲ್ಲಿ ವೆಸ್ಟ್‌ಲಾ ಬಂದು ಕಪಾಟುಗಳು ಗಣಕಕ್ಕೆ ಇಳಿದವು. ತೀರ್ಪನ್ನು ತಾಳೆ ನೋಡುವ ಕ್ರಿಯೆಗೆ ಮಾತ್ರ ಇಂದಿಗೂ ಶೆಪರ್ಡೈಸ್ ಎಂದೇ ಹೆಸರು. ಈ ಪಾಠ ಹಳತಾಯಿತು ಎಂದುಕೊಳ್ಳುವಂತಿಲ್ಲ. 2023ರಲ್ಲಿ ನ್ಯೂಯಾರ್ಕಿನ ಕೇಂದ್ರ ನ್ಯಾಯಾಲಯದಲ್ಲಿ, ಏವಿಯಾಂಕಾ ವಿಮಾನ ಸಂಸ್ಥೆಯ ವಿರುದ್ಧದ ಮೊಕದ್ದಮೆಯಲ್ಲಿ, ಚಾಟ್‌ಜಿಪಿಟಿ ಹೆಣೆದುಕೊಟ್ಟ ಇಲ್ಲದ ತೀರ್ಪುಗಳನ್ನು ವಕೀಲರು ಉಲ್ಲೇಖಿಸಿದರು. ನ್ಯಾಯಾಧೀಶರು 5,000 ಡಾಲರ್ ದಂಡ ವಿಧಿಸಿದರು. ಆ ಅರ್ಜಿಯನ್ನು ಮೊದಲ ಸೆಮಿಸ್ಟರಿನ ಪ್ಯಾರಾಲೀಗಲ್ ವಿದ್ಯಾರ್ಥಿಯ ಕೈಗೆ ಕೊಟ್ಟಿದ್ದರೂ, ಕಲಿತಂತೆ ಒಂದೊಂದಾಗಿ ತಾಳೆ ನೋಡಿದ್ದರೆ, ಆ ತೀರ್ಪುಗಳು ಸಿಕ್ಕುತ್ತಲೇ ಇರಲಿಲ್ಲ.

ದಾವೆಯ ಎರಡೂ ಕಡೆಯವರು ವಿಚಾರಣೆಗೆ ಮೊದಲೇ ದಾಖಲೆಗಳನ್ನು ಪರಸ್ಪರ ಒಪ್ಪಿಸಬೇಕಾದ ಡಿಸ್ಕವರಿ ಹಂತದಲ್ಲಿ ಪ್ಯಾರಾಲೀಗಲ್ ಇಲ್ಲದೆ ಕೆಲಸ ಸಾಗದು. ಲಿಖಿತ ಪ್ರಶ್ನೆಗಳನ್ನು ಸಿದ್ಧಪಡಿಸುವುದು, ಬಂದ ಪೆಟ್ಟಿಗೆಗಟ್ಟಲೆ ಕಾಗದವನ್ನು ವಿಂಗಡಿಸಿ ಸಂಖ್ಯೆ ಹಾಕುವುದು, ಕಕ್ಷಿದಾರ ಮತ್ತು ವಕೀಲರ ನಡುವಿನ ಗುಟ್ಟಿನ ಪತ್ರವೊಂದು ಎದುರಾಳಿಯ ಕೈಗೆ ಜಾರದಂತೆ ಕಾಯುವುದು ಅವರ ಹೊಣೆ. 2006ರಲ್ಲಿ ನಿಯಮಗಳು ತಿದ್ದುಪಡಿಯಾಗಿ ಇಮೇಲ್ ಮುಂತಾದ ವಿದ್ಯುನ್ಮಾನ ದಾಖಲೆಗಳು ಸ್ಪಷ್ಟವಾಗಿ ಇದರೊಳಗೆ ಬಂದವು. ಇ-ಡಿಸ್ಕವರಿ ಎಂಬ ಹೊಸ ಕವಲೇ ಒಡೆಯಿತು. ಈ ಕೆಲಸದ ಬೆಲೆ ತಿಳಿಯಲು ಎರಿನ್ ಬ್ರೊಕೊವಿಚ್ ಅವರನ್ನು ನೆನೆದರೆ ಸಾಕು. ಕಾನೂನು ಓದಿರದ ಅವರು ವಕೀಲರ ಕಚೇರಿಯಲ್ಲಿ ಕಡತ ಜೋಡಿಸುತ್ತಿದ್ದಾಗ, ಆಸ್ತಿ ವ್ಯವಹಾರದ ಕಡತದಲ್ಲಿ ರಕ್ತಪರೀಕ್ಷೆಯಂಥ ವೈದ್ಯಕೀಯ ದಾಖಲೆ ಏಕಿದೆ ಎಂದು ಕೇಳಿದರು. ಹಿಂಕ್ಲಿ ಊರಿನ ಕುಡಿಯುವ ನೀರಿಗೆ ಕ್ರೋಮಿಯಂ ಸೇರಿದ್ದ ಪ್ರಕರಣ ಆ ಪ್ರಶ್ನೆಯಿಂದ ಬೆಳೆದು, 1996ರಲ್ಲಿ 33.3 ಕೋಟಿ ಡಾಲರ್ ಪರಿಹಾರದ ರಾಜಿಯಲ್ಲಿ ಮುಗಿಯಿತು. 2000ದಲ್ಲಿ ಬಂದ ಚಲನಚಿತ್ರ ಅವರನ್ನು ಲೋಕಕ್ಕೆ ಪರಿಚಯಿಸಿತು.

ಓದಿನ ಕೊನೆಯಲ್ಲಿ ಹೆಚ್ಚಿನ ಕಾಲೇಜುಗಳು ವಕೀಲರ ಕಚೇರಿ, ಕೋರ್ಟು ಅಥವಾ ಕಾನೂನು ನೆರವು ಕೇಂದ್ರದಲ್ಲಿ ಇಂಟರ್ನ್‌ಶಿಪ್ ಏರ್ಪಡಿಸುತ್ತವೆ.

ಗೆರೆ

ಪ್ಯಾರಾಲೀಗಲ್ ಮಾಡಬಾರದ್ದು ನಾಲ್ಕು: ಮೊಕದ್ದಮೆ ಒಪ್ಪಿಕೊಳ್ಳುವುದು, ಶುಲ್ಕ ಗೊತ್ತುಮಾಡುವುದು, ಕಾನೂನು ಸಲಹೆ ಕೊಡುವುದು, ಕೋರ್ಟಿನಲ್ಲಿ ಕಕ್ಷಿದಾರನ ಪರ ನಿಲ್ಲುವುದು. ಉಳಿದ ಕೆಲಸವನ್ನು ವಕೀಲರ ಮೇಲ್ವಿಚಾರಣೆಯಲ್ಲಿ ಮಾಡಬಹುದು, ಅದರ ಹೊಣೆ ವಕೀಲರದು. ಓದುವಾಗ ಗೆರೆ ಸ್ಪಷ್ಟವಾಗಿಯೇ ಕಾಣುತ್ತದೆ. ಅಳುತ್ತ ಕೂತ ಹೆಂಗಸೊಬ್ಬಳು, ನಾನು ಈ ಕಾಗದಕ್ಕೆ ಸಹಿ ಹಾಕಲೇ ಬೇಡವೇ ಎಂದು ಕೇಳಿದಾಗ ಅದು ಮಸುಕಾಗುತ್ತದೆ. ಫಾರಂ ಎಲ್ಲಿ ಸಿಗುತ್ತದೆ ಎಂದು ಹೇಳುವುದು ಮಾಹಿತಿ. ನಿನಗೆ ಯಾವ ಫಾರಂ ಒಳ್ಳೆಯದು ಎನ್ನುವುದು ಸಲಹೆ. ನೀತಿಶಾಸ್ತ್ರದ ತರಗತಿಯಲ್ಲಿ ಇಂಥ ಸನ್ನಿವೇಶಗಳನ್ನೇ ಮತ್ತೆ ಮತ್ತೆ ಅಭಿನಯಿಸಿ ಕಲಿಸುತ್ತಾರೆ.

ಫ್ಲಾರಿಡಾದ ರೋಸ್‌ಮೇರಿ ಫರ್ಮನ್ ಕಥೆ ಆ ತರಗತಿಗಳಲ್ಲಿ ತಪ್ಪದೆ ಬರುವಂಥದ್ದು. ಹಿಂದೆ ಲೀಗಲ್ ಸೆಕ್ರೆಟರಿಯಾಗಿದ್ದ ಆಕೆ ಜಾಕ್ಸನ್‌ವಿಲ್‌ನಲ್ಲಿ ಪುಟ್ಟ ಕಚೇರಿ ತೆರೆದು, ವಕೀಲರಿಗೆ ಹಣ ತೆರಲಾರದವರಿಗೆ 50 ಡಾಲರಿಗೆ ವಿಚ್ಛೇದನದ ಕಾಗದಗಳನ್ನು ಸಿದ್ಧಪಡಿಸಿಕೊಡುತ್ತಿದ್ದರು. ಇದು ಅನಧಿಕೃತ ವಕೀಲಿ ಎಂದು ರಾಜ್ಯದ ವಕೀಲರ ಸಂಘ ದೂರಿತು. 1979ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಸಂಘದ ಮಾತನ್ನು ಎತ್ತಿಹಿಡಿಯಿತು. ಆಕೆ ಕೆಲಸ ನಿಲ್ಲಿಸಲಿಲ್ಲ. 1984ರಲ್ಲಿ ನ್ಯಾಯಾಂಗ ನಿಂದನೆಗಾಗಿ ಜೈಲುಶಿಕ್ಷೆಯಾಯಿತು. ರಾಜ್ಯಪಾಲ ಬಾಬ್ ಗ್ರಹಾಂ ಮತ್ತು ಅವರ ಸಂಪುಟ ಕ್ಷಮೆ ಕೊಟ್ಟಿದ್ದರಿಂದ ಆಕೆ ಜೈಲಿಗೆ ಹೋಗಲಿಲ್ಲ. ತಪ್ಪು ಸಲಹೆಯಿಂದ ಬಡವರು ಹಾಳಾಗಬಾರದೆಂಬ ಸಂಘದ ವಾದದಲ್ಲಿ ಹುರುಳಿದೆ. ಆದರೆ ಆಕೆಯ ಬಾಗಿಲಿಗೆ ಬಂದವರ ಮುಂದಿದ್ದ ಆಯ್ಕೆ ಒಳ್ಳೆಯ ವಕೀಲರೋ ಫರ್ಮನ್ನರೋ ಎಂಬುದಾಗಿರಲಿಲ್ಲ. ಫರ್ಮನ್ನರೋ ಯಾರೂ ಇಲ್ಲವೋ ಎಂಬುದಾಗಿತ್ತು. ಈ ಸ್ಥಿತಿ ಬದಲಾಗಿಲ್ಲ. ಕಾನೂನು ನೆರವಿಗೆ ಹಣ ಒದಗಿಸಲು 1974ರಲ್ಲಿ ಸ್ಥಾಪನೆಯಾದ ಲೀಗಲ್ ಸರ್ವಿಸಸ್ ಕಾರ್ಪೊರೇಷನ್ 2022ರ ವರದಿಯಲ್ಲಿ, ಕಡಿಮೆ ಆದಾಯದ ಅಮೆರಿಕನ್ನರ ಗಂಭೀರ ಸಿವಿಲ್ ಸಮಸ್ಯೆಗಳಲ್ಲಿ ನೂರಕ್ಕೆ 92ರಲ್ಲಿ ನೆರವು ಸಿಕ್ಕೇ ಇಲ್ಲ, ಇಲ್ಲವೇ ಸಾಲದಾಗಿದೆ ಎಂದು ಹೇಳಿದೆ.

ರಾಜ್ಯಗಳು ಗೆರೆಯನ್ನು ಬೇರೆಬೇರೆ ಕಡೆ ಎಳೆದಿವೆ. ಕ್ಯಾಲಿಫೋರ್ನಿಯಾದಲ್ಲಿ 2001ರಿಂದ ವಕೀಲರ ಕೈಕೆಳಗೆ ದುಡಿಯದವರು ಪ್ಯಾರಾಲೀಗಲ್ ಎಂದು ಕರೆದುಕೊಳ್ಳುವಂತಿಲ್ಲ. ಅದಕ್ಕೆ ನಿಗದಿತ ಶಿಕ್ಷಣ ಬೇಕು, ಎರಡು ವರ್ಷಕ್ಕೊಮ್ಮೆ ನೀತಿಶಾಸ್ತ್ರದಲ್ಲಿ ನಾಲ್ಕು ಗಂಟೆ, ಕಾನೂನಿನಲ್ಲಿ ನಾಲ್ಕು ಗಂಟೆ ಮರುತರಬೇತಿ ಬೇಕು. ಜನರಿಗೆ ನೇರವಾಗಿ ಫಾರಂ ತುಂಬಿಕೊಡುವವರಿಗೆ ಅಲ್ಲಿ ಬೇರೆ ಹೆಸರಿದೆ, ಲೀಗಲ್ ಡಾಕ್ಯುಮೆಂಟ್ ಅಸಿಸ್ಟೆಂಟ್. ಅವರು ಕೌಂಟಿಯಲ್ಲಿ 25,000 ಡಾಲರಿನ ಬಾಂಡ್ ಕೊಟ್ಟು ನೋಂದಾಯಿಸಿಕೊಳ್ಳಬೇಕು.

ವಾಷಿಂಗ್ಟನ್ ರಾಜ್ಯ ಇನ್ನೂ ಮುಂದೆ ಹೋಯಿತು. ಕುಟುಂಬ ಕಾನೂನಿನಲ್ಲಿ ವಕೀಲರಿಲ್ಲದೆಯೇ ಸಲಹೆ ಕೊಡಬಲ್ಲ ಸೀಮಿತ ಪರವಾನಗಿಯ ತಂತ್ರಜ್ಞರ ಹುದ್ದೆಯನ್ನು ಅಲ್ಲಿನ ಸುಪ್ರೀಂ ಕೋರ್ಟ್ 2012ರಲ್ಲಿ ಸೃಷ್ಟಿಸಿತು. ಕನಿಷ್ಠ ಅರ್ಹತೆ ಅಸೋಸಿಯೇಟ್ ಪದವಿ. ಅದರ ಜೊತೆಗೆ ಅನುಮೋದಿತ ಕೋರ್ಸಿನ 45 ಕ್ರೆಡಿಟ್ಟುಗಳು, ಮೊದಲಲ್ಲಿ 3,000 ಗಂಟೆಗಳ ಅನುಭವ. ಮೊದಲ ಪರವಾನಗಿಗಳು 2015ರಲ್ಲಿ ಹೊರಬಿದ್ದವು. ದಾರಿ ಉದ್ದವಾಗಿದ್ದರಿಂದ ಬಂದವರು ಕಡಿಮೆ, ತಗಲುವ ಖರ್ಚು ಹೆಚ್ಚು ಎಂಬ ಕಾರಣ ಕೊಟ್ಟು ಅದೇ ಕೋರ್ಟು 2020ರ ಜೂನಿನಲ್ಲಿ ಕಾರ್ಯಕ್ರಮವನ್ನು ಮುಚ್ಚಲು ನಿರ್ಧರಿಸಿತು. ಪರವಾನಗಿ ಪಡೆದಿದ್ದವರು ಮುಂದುವರಿಯಬಹುದು ಎಂದಿತು. ಬೇರು ಬಿಡುವ ಮೊದಲೇ ಗಿಡ ಕಿತ್ತಂತಾಯಿತು ಎಂಬುದು ಈ ಲೇಖಕನ ಅಭಿಪ್ರಾಯ. ಯೂಟಾ 2019ರಿಂದ, ಅರಿಜೋನಾ 2021ರಿಂದ ಇಂಥದೇ ಪರವಾನಗಿ ಕೊಡುತ್ತಿವೆ; ಅರಿಜೋನಾದಲ್ಲಿ ಇವರು ಕೋರ್ಟಿನಲ್ಲೂ ನಿಲ್ಲಬಹುದು. ನೆರೆಯ ಕೆನಡಾದ ಒಂಟಾರಿಯೋ ಪ್ರಾಂತ 2007ರಿಂದಲೇ ಪ್ಯಾರಾಲೀಗಲ್‌ಗಳಿಗೆ ಪರವಾನಗಿ ಕೊಟ್ಟು, ಸಣ್ಣ ಮೊತ್ತದ ದಾವೆಗಳ ಕೋರ್ಟಿನಲ್ಲಿ ಸ್ವತಂತ್ರವಾಗಿ ವಾದಿಸಲು ಬಿಟ್ಟಿದೆ. ಅಲ್ಲಿಯೂ ಅವರನ್ನು ತಯಾರಿಸುವುದು ಊರೂರಿನ ಕಾಲೇಜುಗಳೇ.

ನೆರೆಯ ವೃತ್ತಿಗಳು

ಕೋರ್ಟ್ ರಿಪೋರ್ಟಿಂಗ್ ಇವುಗಳಲ್ಲಿ ಅತಿ ಕಷ್ಟದ್ದು. ನಮ್ಮಲ್ಲಿ ಸಿವಿಲ್ ಸಾಕ್ಷ್ಯವನ್ನು ಸಾಮಾನ್ಯವಾಗಿ ನ್ಯಾಯಾಧೀಶರು ತಮ್ಮ ಮಾತಿನಲ್ಲಿ ಹೇಳಿ ಬರೆಸುತ್ತಾರೆ. ಅಲ್ಲಿ ಸಾಕ್ಷಿಯ ಪ್ರತಿಯೊಂದು ಮಾತು, ತೊದಲು, ಅರ್ಧಕ್ಕೆ ನಿಂತ ವಾಕ್ಯ ಸಹಿತ ಆಡಿದ ಹಾಗೇ ದಾಖಲಾಗಬೇಕು. ಅದಕ್ಕೆ ಬಳಸುವ ಸ್ಟೆನೋಟೈಪ್ ಯಂತ್ರದಲ್ಲಿ ಇಪ್ಪತ್ತೆರಡು ಕೀಲಿಗಳಷ್ಟೇ. ಹಾರ್ಮೋನಿಯಂ ನುಡಿಸುವವರು ಹಲವು ಮನೆಗಳನ್ನು ಒಟ್ಟಿಗೆ ಒತ್ತುವಂತೆ, ಒಂದು ಉಚ್ಚಾರಾಂಶಕ್ಕೆ ಬೇಕಾದ ಕೀಲಿಗಳನ್ನೆಲ್ಲ ಒಂದೇ ಏಟಿಗೆ ಒತ್ತುತ್ತಾರೆ. ರಾಷ್ಟ್ರೀಯ ಸಂಘದ ಪ್ರಮಾಣೀಕರಣಕ್ಕೆ ಪ್ರಶ್ನೋತ್ತರ ಸಾಕ್ಷ್ಯದಲ್ಲಿ ನಿಮಿಷಕ್ಕೆ 225 ಪದಗಳ ವೇಗ, ನೂರಕ್ಕೆ 95ರಷ್ಟು ನಿಖರತೆ ಬೇಕು. ಕರ್ನಾಟಕದಲ್ಲಿ ಸೀನಿಯರ್ ಶಾರ್ಟ್‌ಹ್ಯಾಂಡ್ ಪರೀಕ್ಷೆಗೆ ಬೆವರಿಳಿಸಿದವರಿಗೆ ಈ ವೇಗದ ಅರ್ಥ ಗೊತ್ತಾಗುತ್ತದೆ. ವೇಗ ಕೂಡಿಬರಲು ಕೆಲವರಿಗೆ ಎರಡು ವರ್ಷ, ಹಲವರಿಗೆ ಮೂರು-ನಾಲ್ಕು ವರ್ಷ ಹಿಡಿಯುತ್ತದೆ, ಎಷ್ಟೋ ಜನ ನಡುವೆಯೇ ಬಿಡುತ್ತಾರೆ. ಕೈಗೂಡಿದವರಿಗೆ ಕೋರ್ಟಿನಾಚೆಗೂ ಕೆಲಸವಿದೆ. ದೂರದರ್ಶನದ ನೇರಪ್ರಸಾರಕ್ಕೆ ಅಕ್ಷರ ಒದಗಿಸುವುದು, ಕಿವುಡ ವಿದ್ಯಾರ್ಥಿಯ ಪಕ್ಕ ಕೂತು ಪಾಠವನ್ನು ಆ ಕ್ಷಣವೇ ಪರದೆಯ ಮೇಲೆ ಮೂಡಿಸುವುದು ಇದೇ ಬೆರಳುಗಳ ವಿದ್ಯೆ.

ನ್ಯಾಯಾಲಯದ ದುಭಾಷಿಗಳ ಬಗ್ಗೆ 1978ರಲ್ಲಿ ಕೇಂದ್ರ ಕಾನೂನು ಬಂತು. ಎರಡು ಭಾಷೆ ಬಲ್ಲವರೆಲ್ಲ ದುಭಾಷಿಗಳಲ್ಲ ಎಂಬುದು ಇಲ್ಲಿನ ಮೊದಲ ಪಾಠ. ಸಾಕ್ಷಿ ಬೈದರೆ ಬೈಗುಳವನ್ನೇ ಅನುವಾದಿಸಬೇಕು, ನಯ ಮಾಡುವಂತಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಪೂರ್ಣ ಪರೀಕ್ಷೆಯುಳ್ಳ ಪ್ರಮಾಣಿತ ಭಾಷೆಗಳ ಪಟ್ಟಿಯಲ್ಲಿ ಪಂಜಾಬಿ ಇದೆ, ಕನ್ನಡವಿಲ್ಲ. ಕನ್ನಡದಂಥ ಭಾಷೆಗಳವರು ನೋಂದಾಯಿತ ದುಭಾಷಿ ಎಂಬ ಬೇರೆ ವರ್ಗದಲ್ಲಿ ಬರುತ್ತಾರೆ.

ವಲಸೆ ಕಾನೂನಿನಲ್ಲಿ ವಕೀಲರಲ್ಲದವರಿಗೂ ಅಧಿಕೃತ ಜಾಗವಿದೆ. ನ್ಯಾಯ ಇಲಾಖೆಯ ಮಾನ್ಯತೆ ಪಡೆದ ಲಾಭರಹಿತ ಸಂಸ್ಥೆಗಳಲ್ಲಿ ದುಡಿಯುವ ಅಂಗೀಕೃತ ಪ್ರತಿನಿಧಿಗಳು ವಲಸಿಗರ ಪರ ಅರ್ಜಿ ಸಲ್ಲಿಸಬಹುದು, ಪೂರ್ಣ ಅಂಗೀಕಾರವಿದ್ದರೆ ವಲಸೆ ನ್ಯಾಯಾಲಯದಲ್ಲೂ ವಾದಿಸಬಹುದು. ಇದೇ ಕ್ಷೇತ್ರದಲ್ಲಿ ಮೋಸವೂ ಹೆಚ್ಚು. ಲ್ಯಾಟಿನ್ ಅಮೆರಿಕದ ಹಲವು ದೇಶಗಳಲ್ಲಿ ನೊತಾರಿಯೋ ಎಂದರೆ ಉನ್ನತ ದರ್ಜೆಯ ಕಾನೂನು ಪಂಡಿತ. ಅಮೆರಿಕದ ನೋಟರಿಯ ಕೆಲಸ ಸಹಿಗೆ ಸಾಕ್ಷಿಯಾಗುವುದು ಮುಂತಾದ ಸಣ್ಣ ವಿಧಿಗಳಿಗೆ ಸೀಮಿತ. ಹೆಸರಿನ ಈ ಹೋಲಿಕೆಯನ್ನೇ ಬಳಸಿಕೊಂಡು ಫಲಕ ಹಾಕಿದವರ ಮಾತು ನಂಬಿ ಹಣವನ್ನೂ, ದೇಶದಲ್ಲಿ ಉಳಿಯುವ ಅವಕಾಶವನ್ನೂ ಕಳೆದುಕೊಂಡ ಕುಟುಂಬಗಳಿವೆ.

ಕ್ರಿಮಿನಲ್ ಜಸ್ಟಿಸ್ ವಿಭಾಗದಲ್ಲಿ ಓದಿದವರು ಪೊಲೀಸ್, ಕಾರಾಗೃಹ, ಕೋರ್ಟಿನ ಭದ್ರತೆಯ ಕಡೆ ಹೋಗುತ್ತಾರೆ. ಪ್ರೊಬೇಷನ್ ಅಧಿಕಾರಿಯಾಗಲು ಸಾಮಾನ್ಯವಾಗಿ ನಾಲ್ಕು ವರ್ಷದ ಪದವಿ ಬೇಕು. ಆಸ್ತಿಯ ಹಿಂದಿನ ಹಕ್ಕುಪತ್ರಗಳನ್ನು ಹುಡುಕುವವರು, ವಿಮಾ ಪರಿಹಾರ ಪರಿಶೀಲಿಸುವವರು, ಬ್ಯಾಂಕು ಮತ್ತು ಆಸ್ಪತ್ರೆಗಳಲ್ಲಿ ನಿಯಮಪಾಲನೆ ನೋಡಿಕೊಳ್ಳುವವರು ಕೂಡ ಪ್ಯಾರಾಲೀಗಲ್ ತರಗತಿಯಿಂದ ಬಂದವರಿರುತ್ತಾರೆ.

ಸಂಬಳ ಮತ್ತು ಮುಂದಿನ ದಾರಿ

ಕೇಂದ್ರ ಕಾರ್ಮಿಕ ಅಂಕಿಅಂಶ ಕಚೇರಿಯ ಪ್ರಕಾರ 2023ರ ಮೇ ತಿಂಗಳಲ್ಲಿ ಪ್ಯಾರಾಲೀಗಲ್‌ಗಳ ಮಧ್ಯಮ ವಾರ್ಷಿಕ ಸಂಬಳ 60,970 ಡಾಲರ್, ವಕೀಲರದು 145,760. ಅಂತರ ದೊಡ್ಡದೇ. ಓದಿಗೆ ಹಿಡಿಯುವ ವರ್ಷಗಳ ಅಂತರವೂ ದೊಡ್ಡದು: ಇಲ್ಲಿ ಎರಡು, ಅಲ್ಲಿ ಏಳು. ದೊಡ್ಡ ನಗರಗಳ ಸಂಸ್ಥೆಗಳು ನಾಲ್ಕು ವರ್ಷದ ಪದವೀಧರರನ್ನೇ ಕೇಳುವುದು ಹೆಚ್ಚುತ್ತಿರುವುದರಿಂದ, ಅಸೋಸಿಯೇಟ್ ಪದವಿಯವರು ಚಿಕ್ಕ ಕಚೇರಿಗಳಲ್ಲಿ ಶುರುಮಾಡಿ ಅನುಭವದ ಬಲದಿಂದ ಮೇಲೇರಬೇಕಾಗುತ್ತದೆ.

ಪ್ಯಾರಾಲೀಗಲ್ ಪದವಿ ವಕೀಲಿಗೆ ಮೆಟ್ಟಿಲು ಎಂದು ತಿಳಿದು ಸೇರುವವರಿಗೆ ಒಂದು ಎಚ್ಚರಿಕೆ. ಕಾನೂನು ಕಾಲೇಜಿಗೆ ನಾಲ್ಕು ವರ್ಷದ ಪದವಿ ಬೇಕು, ಅದು ಯಾವ ವಿಷಯದ್ದಾದರೂ ನಡೆಯುತ್ತದೆ. ಕಮ್ಯುನಿಟಿ ಕಾಲೇಜಿನ ಸಾಮಾನ್ಯ ಶಿಕ್ಷಣದ ಕ್ರೆಡಿಟ್ಟುಗಳು ವಿಶ್ವವಿದ್ಯಾಲಯಕ್ಕೆ ಸಲೀಸಾಗಿ ವರ್ಗವಾದರೂ ಕಾನೂನಿನ ವಿಶೇಷ ಕೋರ್ಸುಗಳ ಕ್ರೆಡಿಟ್ಟುಗಳು ಎಷ್ಟೋ ಸಲ ವರ್ಗವಾಗುವುದಿಲ್ಲ. ಈ ಬಿರುಕು ಮುಚ್ಚಲು ಕ್ಯಾಲಿಫೋರ್ನಿಯಾದಲ್ಲಿ 2014ರಲ್ಲಿ ಎರಡು, ಎರಡು, ಮೂರು ಎಂಬ ಲೆಕ್ಕದ ಯೋಜನೆ ಆರಂಭವಾಯಿತು. ಎರಡು ವರ್ಷ ಕಮ್ಯುನಿಟಿ ಕಾಲೇಜು, ಎರಡು ವರ್ಷ ವಿಶ್ವವಿದ್ಯಾಲಯ, ಮೂರು ವರ್ಷ ಕಾನೂನು ಕಾಲೇಜು. ಮೊದಲ ದಿನದಿಂದಲೇ ಮಾರ್ಗದರ್ಶನ.

ಕರ್ನಾಟಕದ ನಂಟು

ಸಿಲಿಕಾನ್ ಕಣಿವೆಯಲ್ಲಿ ನೆಲೆಸಿದ ಕನ್ನಡಿಗರ ನಡುವೆ, ಕರ್ನಾಟಕದಲ್ಲಿ ಎಲ್‌ಎಲ್‌.ಬಿ. ಮುಗಿಸಿ, ವಕೀಲಿ ಮಾಡಿ, ಮದುವೆಯಾಗಿ ಹೋದ ಹೆಣ್ಣುಮಕ್ಕಳಿದ್ದಾರೆ. ಭಾರತದ ಸನ್ನದು ಅಲ್ಲಿ ನಡೆಯುವುದಿಲ್ಲ. ಹೊರದೇಶದಲ್ಲಿ ಸನ್ನದು ಪಡೆದ ವಕೀಲರಿಗೆ ಕ್ಯಾಲಿಫೋರ್ನಿಯಾ ತನ್ನ ಬಾರ್ ಪರೀಕ್ಷೆ ಬರೆಯಲು ಅವಕಾಶ ಕೊಡುತ್ತದೆ, ಆದರೆ ಪರೀಕ್ಷೆ ಕಠಿಣ. ಕುಪರ್ಟಿನೋದ ಡಿ ಆಂಜಾ ಕಾಲೇಜಿನಲ್ಲಿರುವಂಥ ಪ್ಯಾರಾಲೀಗಲ್ ಕೋರ್ಸು ಇಂಥವರಿಗೆ ಅಲ್ಲಿನ ಕಚೇರಿಯ ರೀತಿ, ಉಲ್ಲೇಖದ ಕ್ರಮ, ಇಂಗ್ಲಿಷಿನ ಕಾನೂನು ಬರಹ ಕಲಿಯುವ ದಾರಿ. ಕೆಲಸ ಮಾಡಲು ಅನುಮತಿ ಕೊಡುವ ವೀಸಾ ಇದೆಯೇ ಎಂಬುದನ್ನು ಮಾತ್ರ ಮೊದಲೇ ನೋಡಿಕೊಳ್ಳಬೇಕು.

ಭಾರತದಲ್ಲಿ ಇದಕ್ಕೆ ನೇರ ಸಮಾನವಾದ ಹುದ್ದೆಯಿಲ್ಲ. 1961ರ ವಕೀಲರ ಕಾಯಿದೆಯಂತೆ ವಕೀಲಿ ವೃತ್ತಿ ವಕೀಲರಿಗೇ ಮೀಸಲು. ನಿರ್ದಿಷ್ಟ ಪ್ರಕರಣದಲ್ಲಿ ಬೇರೆಯವರು ಹಾಜರಾಗಲು ಕೋರ್ಟು ಅನುಮತಿಸಬಹುದೆಂದು 32ನೇ ಕಲಮು ಹೇಳುತ್ತದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ ನೆರಳಲ್ಲಿ 2009ರಿಂದ ಅರೆ ಕಾನೂನು ಸ್ವಯಂಸೇವಕರು ಬಂದಿದ್ದಾರೆ. ಅಂಗನವಾಡಿ ಕಾರ್ಯಕರ್ತೆಯರು, ನಿವೃತ್ತ ಶಿಕ್ಷಕರು, ಕಾನೂನು ವಿದ್ಯಾರ್ಥಿಗಳು ಇದರಲ್ಲಿದ್ದಾರೆ. ಹಳ್ಳಿಯವರನ್ನು ಉಚಿತ ಕಾನೂನು ನೆರವಿನ ಕಚೇರಿಗೆ ಮುಟ್ಟಿಸುವುದು ಅವರ ಕೆಲಸ. ಅವರ ತರಬೇತಿ ದಿನಗಳ ಲೆಕ್ಕದ್ದು, ಸಂಬಳವಿಲ್ಲ, ಗೌರವಧನವಷ್ಟೆ. ಎರಡು ವರ್ಷದ ಗಟ್ಟಿ ಶಿಕ್ಷಣ, ಸಂಬಳದ ಹುದ್ದೆ ಎರಡನ್ನೂ ನಮ್ಮ ತಾಲ್ಲೂಕು ಕೇಂದ್ರಗಳ ಕಾಲೇಜುಗಳು ಒದಗಿಸಬಲ್ಲವು ಎಂದು ಈ ಲೇಖಕ ನಂಬುತ್ತಾನೆ. ಇಗ್ನೋ ವಿಶ್ವವಿದ್ಯಾಲಯ ದೂರಶಿಕ್ಷಣದಲ್ಲಿ ಪ್ಯಾರಾಲೀಗಲ್ ಡಿಪ್ಲೊಮಾ ರೂಪಿಸಿ ದಾರಿ ತೋರಿಸಿಯೂ ಇದೆ.

ಇನ್ನೊಂದು ನಂಟು ಬೆಂಗಳೂರಿನ ಕಚೇರಿಗಳದು. ಅಮೆರಿಕದ ವಕೀಲ ಸಂಸ್ಥೆಗಳ ದಾಖಲೆ ಪರಿಶೀಲನೆ, ಕರಾರುಗಳ ವಿಂಗಡಣೆ, ಇ-ಡಿಸ್ಕವರಿ ಕೆಲಸಗಳನ್ನು ಹೊರಗುತ್ತಿಗೆಯಲ್ಲಿ ಮಾಡುವ ಕಂಪನಿಗಳು ಇಲ್ಲಿವೆ. ಪ್ಯಾರಾಲೀಗಲ್ ಮಾಡುತ್ತಿದ್ದ ಕೆಲಸದ ಒಂದು ಪಾಲು ಈಗ ನಮ್ಮ ಕಾನೂನು ಪದವೀಧರರ ಮೇಜಿಗೆ ಬರುತ್ತದೆ. ಇದು ಸರಿಯೇ ಎಂಬ ಪ್ರಶ್ನೆಗೆ ಅಮೆರಿಕನ್ ಬಾರ್ ಅಸೋಸಿಯೇಷನ್ 2008ರಲ್ಲಿ ಕೊಟ್ಟ ಉತ್ತರ, ಹಿಂದೆ ಪ್ಯಾರಾಲೀಗಲ್‌ಗಳ ವಿಚಾರದಲ್ಲಿ ಕೊಟ್ಟದ್ದೇ: ಕೆಲಸವನ್ನು ಹಂಚಬಹುದು, ಕಕ್ಷಿದಾರನ ಗುಟ್ಟು ಕಾಯಬೇಕು, ಮಾಡಿದವರು ಯಾರೇ ಆಗಿರಲಿ ತಪ್ಪಿಗೆ ಹೊಣೆ ಕೆಲಸ ವಹಿಸಿದ ವಕೀಲರದೇ.